ಕರಗಿ ಹೋದ ಬರ್ಫಿನ ಗಿರಾಕಿ

ತೊರಗಲ್ಲಿನಂಥ ಹಳ್ಳಿಯಲ್ಲಿ ಹುಟ್ಟಿ ಉತ್ತರ ಧ್ರುವದ ಕಡೆಯ ಕಲ್ಲುಗಳ ಬೆನ್ನು ಹತ್ತಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಭೂಮಿ ತಣ್ಣಗಾದಾಗ ಹಿಮನದಿ ಎಲ್ಲಿಯವರೆಗೆ ಹಬ್ಬಿತ್ತು, ಬಿಸಿಯಾದಾಗ ಎಲ್ಲಿಗೆ ಸರಿಯಿತು, ನಡುವೆ ನೆಲವನ್ನು ಹೇಗೆ ಕೊರೆಯಿತು ಎಂದು ಕಲ್ಲು ನೋಡಿ ಹೇಳುವುದು ನನ್ನ ಕೆಲಸ. ಪೂಜೆ, ಪಂಚಾಂಗಗಳಲ್ಲೇ ಬಾಳಿದ ನನ್ನ ಅಪ್ಪನಿಗೆ ಇದು ಒಮ್ಮೆಯಾದರೂ ತಿಳಿಯಲಿ ಎನ್ನುವುದು ನನ್ನ ಬಹಳ ದಿನದ ಆಸೆ. ಮಂಜುಗಡ್ಡೆಗೆ ನಮ್ಮ ಕಡೆ ಬರ್ಫ ಎನ್ನುತ್ತಾರೆ; ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮಾಂವ ಬರ್ಫಿನ ಕೆಲಸಾ ಮಾಡ್ತಾನ."

೧. ಸ್ನಾನ

ಹೋದ ವರ್ಷ ಅಲ್ಲಿಂದ ಫೋನ್ ಮಾಡಿದ್ದೆ. ಅಲ್ಲಿಯ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಸುಮ್ಮನೆ ಸುತ್ತುತ್ತಿರುತ್ತಾನೆ. ಎಚ್ಚರವಿದ್ದೇನೋ ಕನಸು ಕಾಣುತ್ತಿದ್ದೇನೋ ತಿಳಿಯದು. ಎದುರಿಗೆ ನೀಲಿ ಹಿಮನದಿ ಮಲಗಿತ್ತು.

"ನದಿ ಅಂತೀದಿ, ಸ್ನಾನ ಮಾಡಿದೇನು?" ಎಂದರು ಅಪ್ಪ.

"ಇದು ಗಡ್ಡಿ ಕಟ್ಟಿದ ನದಿ, ಅಪ್ಪಾ. ಹರಿಯೂದು ಕಣ್ಣಿಗೆ ಕಾಣಂಗಿಲ್ಲ. ಇಡೀ ದಿನಕ್ಕ ಒಂದು ಗೇಣು ಸರದರ ಹೆಚ್ಚು."

ಅಪ್ಪ ಲೆಕ್ಕ ಹಾಕಿದರು. "ಹಂಗಾರ ಬ್ಯಾಡ. ತೊಳದು ಬಿಟ್ಟ ಪಾಪ ಸಂಜೀತನಾ ಬಾಜೂಕ ನಿಂತಿರ್ತದ."

೨. ಬ್ರ್ಯಾಂಚ್

ಈ ಬೇಸಿಗೆ ರಜೆಗೆ ಬಂದೆ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ರಾಮದುರ್ಗದ ಮದುವೆ ಮನೆಯ ಯಜಮಾನರೊಬ್ಬರು ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದರು.

"ಶರಬತ್ತಿಗೆ ನಾಕು ಗಡ್ಡಿ ಬರ್ಫ ಬೇಕಾಗಿತ್ರಿ. ನಿಮ್ಮ ಅಪ್ಪಾರು ಹೇಳಿದ್ರು, ನೀವು ಅದ ಕೆಲಸದಾಗ ಅದೀರಂತ."

"ನನ್ನ ಬರ್ಫ ಉತ್ತರ ಧ್ರುವದಾಗ ಅದರಿ," ಎಂದೆ.

ಅವರು ಗಂಭೀರವಾಗಿ ಯೋಚಿಸಿದರು. "ದೂರ ಆತು ಬಿಡ್ರಿ. ಬೈಲಹೊಂಗಲದಾಗ ಬ್ರ್ಯಾಂಚ್ ಇಲ್ಲೇನ್ರಿ?"

೩. ಬಾಂದಗಲ್ಲು

ಅಪ್ಪನ ಹಳೆಯ ಗೆಳೆಯರೊಬ್ಬರು ಸಾಲಹಳ್ಳಿಯ ರೈತರು. ಅವರಿಗೆ ಮೊಬೈಲಿನಲ್ಲಿ ನನ್ನ ಫೋಟೋ ತೋರಿಸಿದೆ: ಬಂಡೆಯ ಮೇಲೆ ಉದ್ದಕ್ಕೂ ಸಾಲು ಗೆರೆಗಳು.

"ಎತ್ತು ಕಟ್ಟಿ ಕುಂಟಿ ಭಾಳ ನೆಟ್ಟಗ ಹೊಡದಾನ. ಯಾರ ಹೊಲಾ ಇದು?"

ಹೊಲವಲ್ಲ, ಹಿಮನದಿ ತಳದಲ್ಲಿ ಕಲ್ಲು ಹಿಡಿದುಕೊಂಡು ಎಳೆದ ಗೆರೆ ಎಂದೆ. ಮುಂದಿನ ಫೋಟೋದಲ್ಲಿ ಬಯಲಿನ ನಡುವೆ ಒಂದೇ ಒಂದು ದೊಡ್ಡ ಕಲ್ಲು. ಹೊಲದ ಗಡಿಗೆ ನೆಟ್ಟ ಬಾಂದಗಲ್ಲು ಎಂದೇ ಅವರು ತಿಳಿದರು.

"ಅಲ್ರೀ, ಗುಡ್ಡದ ಆಚೆ ಇದ್ದ ಕಲ್ಲು. ಹಿಮ ಹೊತ್ತು ತಂದು ಇಲ್ಲಿ ಇಟ್ಟು, ತಾ ಕರಗಿ ಹೋತು."

ಅವರು ಫೋನನ್ನು ನನ್ನ ಕೈಗೆ ಹಿಂದಿರುಗಿಸಿ ದನಿ ಇಳಿಸಿದರು. "ಕಲ್ಲ ಸರಿಸಿ ತಾನ ಮಾಯ ಆಗೂದು ಹೆಂಗಂತ ನಮ್ಮ ಬಾಜೂ ಹೊಲದಾಂವಗ ಮಾತ್ರ ಹೇಳಬ್ಯಾಡ್ರಿ."

ಪಕ್ಕದಲ್ಲೇ ಕುಳಿತಿದ್ದ ಅಪ್ಪ ಜೋರಾಗಿ ನಕ್ಕರು. ಆದರೆ ನನ್ನ ಕೆಲಸವೇನೆಂದು ಅವರಿಗೂ ತಿಳಿದಿರಲಿಲ್ಲ. ನನಗೆ ಬೇಸರವಾಯಿತು. ಸಂಜೆ ನಮ್ಮೂರ ಕೋಟೆ ಹತ್ತಿ ಕುಳಿತೆ. ಹಿಮಯುಗದ ಹಿಮ ಈ ಕರಿ ನೆಲಕ್ಕೆ ಬಂದಿರಲಿಲ್ಲ. ಅದು ಗೊತ್ತಿದ್ದೂ ಜೋಳದ ಹೊಲಗಳ ಮೇಲೆ ಬೆಳ್ಳಗೆ ಏನೋ ಸದ್ದಿಲ್ಲದೆ ಸರಿದು ಬರುತ್ತಿದೆ ಎನಿಸಿ, ಕತ್ತಲಾಗುವವರೆಗೂ ನೋಡುತ್ತ ಕುಳಿತೆ.

೪. ಸಾಣೇಕಲ್ಲು

ಮರುದಿನ ಬೆಳಿಗ್ಗೆ ಅಪ್ಪ ಪೂಜೆಗೆ ಗಂಧ ತೇಯುತ್ತಿದ್ದರು. ಸಾಣೇಕಲ್ಲಿನ ನಡುವೆ ಬಟ್ಟಲಿನಂಥ ತಗ್ಗು. ಹುಟ್ಟಿದಾಗಿನಿಂದ ನೋಡಿದ್ದೆ, ಅಂದು ಮೊದಲ ಸಲ ಕಂಡೆ.

"ಅಪ್ಪಾ, ಈ ತಗ್ಗು ಯಾರು ತೋಡಿದ್ರು?"

"ಯಾರೂ ತೋಡಿಲ್ಲೋ. ನಮ್ಮಜ್ಜಾ, ನಮ್ಮಪ್ಪಾ, ನಾನು, ದಿನಾ ತೇಯ್ದು ತೇಯ್ದು ಬಿದ್ದದ."

"ಆ ಗಂಧ ಎಲ್ಲೆ ಅದ ಈಗ?"

"ಎಲ್ಲಿರ್ತದ? ಅವತ್ತಿಂದು ಅವತ್ತ ಮುಗೀತು."

"ಮತ್ತ ಅಷ್ಟು ತೇಯ್ದಾರಂತ ಹೆಂಗ ಗೊತ್ತಾತು?"

"ಕಲ್ಲು ಹೇಳ್ತದಲ್ಲ."

"ನನ್ನ ಕೆಲಸಾ ಅದ ಅಪ್ಪಾ. ಗಂಧದ ಬದ್ಲಿ ಹಿಮ, ಅಷ್ಟ."

ಅಪ್ಪನ ಕೈ ನಿಂತಿತು. ತಗ್ಗಿನೊಳಗೆ ಬೆರಳಾಡಿಸಿ ನೋಡಿದರು. "ಇಷ್ಟು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾತೇನೋ ನಿನಗ?" ಎಂದರು. ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ರಾಮದುರ್ಗದ ಯಜಮಾನರು ಮತ್ತೆ ಬಾಗಿಲಿಗೆ ಬಂದರು. "ನಾಕು ಬ್ಯಾಡ್ರಿ, ಎರಡ ಗಡ್ಡಿ ಆದ್ರೂ ನೋಡ್ರಿ."

ಗಂಧದ ಕೈ ಒರೆಸಿಕೊಳ್ಳುತ್ತ ಅಪ್ಪ ನನಗಿಂತ ಮೊದಲೇ ಎದ್ದರು. ಅವರ ದನಿಯಲ್ಲಿ ಹೆಮ್ಮೆಯಿತ್ತು.

"ಆಗಂಗಿಲ್ರಿ. ನಮ್ಮಾಂವನ ಬರ್ಫ ಕರಗಿ ಎಷ್ಟೋ ಸಾವಿರ ವರ್ಷ ಆತು. ಕಲ್ಲಷ್ಟ ಉಳದಾವ, ಬೇಕಂದ್ರ ಅವನ್ನ ಒಯ್ರಿ."