ಮಾಸ್ಕಿನೊಳಗಿನ ಮೀಸೆ

ಇಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಒಂದು ಮೀಸೆ. ಅದೂ ತೀರಿಕೊಂಡು ಎಷ್ಟೋ ಕಾಲವಾದವನ ಮೀಸೆ.

ಬೋರ್ಡಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ 'ಇಲ್ಲಿ ವಾಹನ ನಿಲ್ಲಿಸಬಾರದು', 'ನಾಯಿ ಇದೆ ಎಚ್ಚರಿಕೆ', 'ಮನೆ ಬಾಡಿಗೆಗಿದೆ' ಅಂತ ಊರ ತುಂಬ ಬೋರ್ಡು ಬರೆದೂ ಬರೆದೂ ಆ ಹೆಸರು ಸವೆದುಹೋಗಿತ್ತು. ಊರಿನ ಗೋಡೆಗಳ ಮೇಲಿನ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವನದೇ ಕೈಬರಹ, ಅವನ ಹೆಸರು ಮಾತ್ರ ಎಲ್ಲೂ ಇಲ್ಲ. ಬೋರ್ಡಿನ ಕೆಳಗೆ ಪೇಂಟರನ ಹೆಸರು ಯಾರು ಹಾಕಿಸುತ್ತಾರೆ ಹೇಳಿ?

ಅಂಥವನಿಗೆ ಯುದ್ಧದಲ್ಲಿ ಮಡಿದ ಪೈಲಟ್ ಒಬ್ಬರ ಸ್ಮಾರಕ ಚಿತ್ರ ಬರೆಯುವ ಕೆಲಸ ಒಲಿದು ಬಂತು. ವಾಚನಾಲಯದ ಹಾಲಿನಲ್ಲಿ ತೂಗುಹಾಕಲು ಬಾಗಿಲಷ್ಟು ದೊಡ್ಡ ಚಿತ್ರ. ಬರೆಸುತ್ತಿದ್ದ ಸಮಿತಿಗೆ ಅಧ್ಯಕ್ಷರು ಆ ಪೈಲಟ್‌ನ ಸ್ವಂತ ತಮ್ಮ, ನಿವೃತ್ತ ಹೆಡ್‌ಮಾಸ್ಟರು. 'ನಮ್ಮಣ್ಣ ಒಬ್ಬನೇ ಮೂರು ಶತ್ರು ವಿಮಾನಗಳ ಜೊತೆ ಕಾದಾಡಿ ಹೋದ' ಎಂಬುದು ಅವರ ಎಲ್ಲ ಭಾಷಣಗಳ ಮೊದಲ ವಾಕ್ಯ, ಎಷ್ಟೋ ಸಲ ಕೊನೆಯ ವಾಕ್ಯವೂ ಅದೇ.

ಬೋರ್ಡಪ್ಪ ಚಳಿಗಾಲವಿಡೀ ಕೂತು ಬರೆದ. ರೆಕ್ಕೆಯ ಒಂದೊಂದು ಮೊಳೆಯನ್ನೂ ಬಿಡದೆ ಬರೆದ. ಕಾಕ್‌ಪಿಟ್ಟಿನ ಗಾಜಿನೊಳಗೆ ಹೆಲ್ಮೆಟ್ಟು, ಮೂಗುಬಾಯಿ ಮುಚ್ಚಿದ ಆಮ್ಲಜನಕದ ಮಾಸ್ಕು, ನಡುವೆ ಎರಡು ಕಣ್ಣು. ಆ ಕಣ್ಣಿನ ಗುಂಗಿನಲ್ಲಿ ಊಟ ಮರೆತು ಹೆಂಡತಿಯಿಂದ ದಿನಾ ಬೈಸಿಕೊಂಡ. ಮೇಲೆ ಎಡಗಡೆ ಹೊಗೆ ಕಾರುತ್ತ ಬೀಳುವ ಶತ್ರು ವಿಮಾನ. ಕೆಳಗೆ ಬಲಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಅವನ ಹೆಸರು. ಜನ್ಮದಲ್ಲಿ ಮೊದಲ ಸಲ!

ಅದನ್ನು ನೋಡಲೆಂದೇ ಹೆಂಡತಿ ತನ್ನ ಅಕ್ಕಭಾವನನ್ನು ಕರೆದಿದ್ದಳು. ಭಾವ ಎಂದರೆ ಬೋರ್ಡಪ್ಪನ ಷಡ್ಡಕ, ಬ್ಯಾಂಕ್ ಮ್ಯಾನೇಜರು. ಸಿಕ್ಕಾಗಲೆಲ್ಲ ನಾಲ್ಕು ಜನರ ಎದುರಿಗೆ, "ಏನ್ರೀ, ಇನ್ನೂ ಬೋರ್ಡೇನಾ?" ಎಂದು ಕೇಳುವ ಪುಣ್ಯಾತ್ಮ.

"ಇವತ್ತು ಅವರ ಬಾಯಿ ಮುಚ್ಚುತ್ತೆ ನೋಡಿ," ಎಂದಳು ಹೆಂಡತಿ, ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುತ್ತ. "ಹೆಸರು ಸರಿಯಾಗಿ ಕಾಣೋ ಕಡೆ ನಿಲ್ಸಿ ಅವರನ್ನ."

ಸಂಜೆ ಅನಾವರಣ. ಬೆಳಿಗ್ಗೆ ಸಮಿತಿ ಚಿತ್ರ ನೋಡಲು ಬಂತು. ಅಧ್ಯಕ್ಷರು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಬೋರ್ಡಪ್ಪಾ, ಮೀಸೆ ಎಲ್ಲಯ್ಯಾ?"

"ಮಾಸ್ಕಿನ ಒಳಗಿದೆ ಸಾರ್."

"ಒಳಗಿದ್ದು ಏನು ಉಪಯೋಗ? ನಮ್ಮಣ್ಣ ಅಂದ್ರೇನೇ ಮೀಸೆ! ತೆಗಿ ಆ ಮಾಸ್ಕ್‌ನ."

"ಅಷ್ಟು ಎತ್ತರದಲ್ಲಿ ಮಾಸ್ಕ್ ತೆಗೆಯೋ ಹಾಗಿಲ್ಲ ಸಾರ್. ಉಸಿರಿಗೆ ಗಾಳಿ ಸಾಲ್ದೆ ಸತ್ತೋಗ್ತಾರೆ."

"ಅವನು ಸತ್ತು ಯಾವ ಕಾಲ ಆಯ್ತು ಕಣಯ್ಯಾ! ಇನ್ನೇನು ಸಾಯೋದು? ತೆಗಿ ಅಂದ್ರೆ ತೆಗಿ."

ಬೋರ್ಡಪ್ಪ ಬ್ರಷ್ ಎತ್ತಿಕೊಂಡ. ಮಾಸ್ಕು ಹೋಯಿತು, ಮೀಸೆ ಬಂತು. ಮೀಸೆ ಬಂದ ಮೇಲೆ ಅದರ ಕೆಳಗೊಂದು ಬಾಯಿ ಬರಲೇಬೇಕಲ್ಲ. ಸಮಿತಿಯ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಅವರು ಕುತ್ತಿಗೆ ಓರೆ ಮಾಡಿ ಬಗ್ಗಿ ನೋಡಿದರು.

"ಬಾಯಿ ಯಾಕ್ರೀ ಹೀಗೆ ಬಿಗಿದಿದ್ದೀರಿ? ವೀರ ಅಂದ್ಮೇಲೆ ಸಾವಿನ ಮುಂದೆ ನಗ್ಬೇಕು. ಹಲ್ಲು ಕಾಣ್ಲಿ. ಮೇಲಿನ ಸಾಲು ಪೂರ್ತಿ ಕಾಣ್ಲಿ."

ನಗು ಬಂತು. ಕೆಳಗೆ ಬಾಯಿ ನಗುತ್ತಿದ್ದರೆ ಮೇಲೆ ಕಣ್ಣು ಗುರಿ ಇಟ್ಟು ದುರುಗುಟ್ಟುತ್ತಿತ್ತು, ಥೇಟ್ ಹುಚ್ಚು ಹಿಡಿದವನ ಹಾಗೆ. ಕಣ್ಣನ್ನೂ ಕಿರಿದು ಮಾಡಬೇಕಾಯಿತು. ಊಟ ಬಿಟ್ಟು ಬರೆದ ಕಣ್ಣು! ಅದರ ಮೇಲೆ ಬೋರ್ಡಪ್ಪ ಬ್ರಷ್ ಆಡಿಸಿದ. 'ಹೋಗ್ಲಿ, ಹೆಸರಿದೆಯಲ್ಲ' ಎಂದು ಮೂಲೆಯತ್ತ ನೋಡಿ ಸಮಾಧಾನ ತಂದುಕೊಂಡ.

ಇಷ್ಟಕ್ಕೇ ಬಿಟ್ಟರೆ? ಖಜಾಂಚಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವರು ಡ್ರೈವಿಂಗ್ ಸ್ಕೂಲ್ ನಡೆಸುವವರು, ಗಾಡಿಗಳ ವಿಷಯದಲ್ಲಿ ಸೂಕ್ಷ್ಮ ಕಣ್ಣು.

"ಆ ಶತ್ರು ವಿಮಾನ ನಮ್ಮದಕ್ಕಿಂತ ಚೆನ್ನಾಗಿ ಕಾಣ್ತಿದೆಯಲ್ರೀ. ಜನ ಅದನ್ನೇ ನೋಡ್ತಾರೆ. ಅಳಿಸಿಬಿಡಿ."

"ಅದಿಲ್ದಿದ್ರೆ ಯುದ್ಧ ಅಂತ ಹೇಗೆ ಗೊತ್ತಾಗುತ್ತೆ ಸಾರ್?"

"ನಮ್ಮ ಅಧ್ಯಕ್ಷರು ಭಾಷಣದಲ್ಲಿ ಹೇಳ್ತಾರೆ ಬಿಡಿ."

ಆಕಾಶ ಖಾಲಿಯಾಯಿತು. ಬೋರ್ಡಪ್ಪ ಬ್ರಷ್ ತೊಳೆದು ಇನ್ನೇನು ಜಾಗ ಖಾಲಿ ಮಾಡಬೇಕು, ಅಷ್ಟರಲ್ಲಿ ಅಧ್ಯಕ್ಷರು ಬಲಮೂಲೆಗೆ ಬೆರಳಿಟ್ಟರು.

"ಇದೇನಯ್ಯಾ, ಇರುವೆ ಹರಿದಾಡಿದ ಹಾಗಿದೆ?"

"ನನ್ನ ಹೆಸರು ಸಾರ್."

"ನಿನ್ನ ಹೆಸರು ಯಾಕೆ? ಸಮಿತಿ ಓಡಾಡಿದ್ದಕ್ಕೆ ತಾನೇ ಚಿತ್ರ ಆಗಿದ್ದು? ಅದರ ಮೇಲೆ ನೀಲಿ ಬಳಿದು ನಮ್ಮ ಮೂವರ ಹೆಸರು ಬರಿ. 'ಇವರ ಮಾರ್ಗದರ್ಶನದಲ್ಲಿ' ಅಂತ ಹಾಕು."

"ಸಾರ್, ಮಾಸ್ಕ್ ತೆಗೆದೆ, ಕಣ್ಣು ಕೆಡಿಸಿದೆ, ವಿಮಾನ ಅಳಿಸಿದೆ. ಇದೊಂದು ಬಿಟ್ಬಿಡಿ ಸಾರ್. ಸಂಜೆ ನಮ್ಮ ಷಡ್ಡಕ ಬರ್ತಾರೆ..."

"ಷಡ್ಡಕ ಬರ್ತಾನೆ ಅಂತ ಯಾರಾದ್ರೂ ಸ್ಮಾರಕ ಮಾಡ್ತಾರೇನಯ್ಯಾ?"

ಬೋರ್ಡಪ್ಪ ತನ್ನ ಹೆಸರಿನ ಮೇಲೆ ತಾನೇ ನೀಲಿ ಬಳಿದ. ಬಳಿಯುವಾಗ ಕಣ್ಣು ಮಂಜಾಗಿ, ಮೂರೂ ಹೆಸರಿನ ಸಾಲುಗಳು ಕೊಂಚ ಓರೆಯಾದವು. ಎಂದೂ ಓರೆ ಬರೆದ ಕೈಯಲ್ಲ ಅದು.

ಸಂಜೆ ವಾಚನಾಲಯದ ಹಾಲ್ ಜನರಿಂದ ತುಂಬಿತು. ಬಣ್ಣ ಇನ್ನೂ ಹಸಿ, ಪರದೆ ಎಲ್ಲಿ ಮೀಸೆಗೆ ಅಂಟುತ್ತದೋ ಎಂದು ಡಾಕ್ಟರು ಮನೆಯಿಂದ ಕೂದಲು ಒಣಗಿಸುವ ಯಂತ್ರ ತಂದು ಹಲ್ಲಿನ ಭಾಗವನ್ನಷ್ಟೇ ಒಣಗಿಸಿದರು. ಬೋರ್ಡಪ್ಪ ಹಿಂದಿನ ಸಾಲಿನಲ್ಲಿ ಕುಳಿತ. ಪಕ್ಕದಲ್ಲಿ ಷಡ್ಡಕ.

"ಪರದೆ ಸರಿದ್ಮೇಲೆ ಎಲ್ರೀ ನೋಡ್ಬೇಕು ನಿಮ್ಮ ಹೆಸರನ್ನ? ಮೂಲೆಯಲ್ಲಿದೆ ಅಂತ ಹೇಳ್ತಿದ್ಲಲ್ಲ ನಿಮ್ಮ ಯಜಮಾನಿ."

"ಇದೆ... ಒಳಗಡೆ ಇದೆ," ಎಂದ ಬೋರ್ಡಪ್ಪ. ಹೆಂಡತಿ ಅವನ ಮುಖ ನೋಡಿದಳು. ಅವಳಿಗೆ ಅರ್ಥವಾಗಿಹೋಯಿತು. ಸೆರಗಿನಿಂದ ಅವನ ಕೈಗಂಟಿದ್ದ ನೀಲಿ ಒರೆಸಿದಳು.

ಮುಖ್ಯ ಅತಿಥಿಗಳು ಮಡಿದ ಪೈಲಟ್‌ನ ಜೊತೆಯಲ್ಲೇ ಹಾರುತ್ತಿದ್ದ ಹಿರಿಯರು. ಕೋಲೂರಿ ನಿಧಾನಕ್ಕೆ ಬಂದು ಪರದೆ ಎಳೆದರು. ಎಳೆದು ಹಾಗೇ ನಿಂತುಬಿಟ್ಟರು. ಚಪ್ಪಾಳೆ ಮುಗಿದರೂ ಅಲುಗಾಡಲಿಲ್ಲ. ತಿರುಗಿದಾಗ ಅವರ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು.

"ಯಾರು ಬರೆಸಿದ್ದು ಇದನ್ನ?"

ಅಧ್ಯಕ್ಷರು ಎದೆಯುಬ್ಬಿಸಿ ಮುಂದೆ ಬಂದರು. "ನಾನೇ ಎದುರು ನಿಂತು ಬರೆಸಿದ್ದು. ಮಾಸ್ಕ್ ತೆಗೆಸಿದ್ದೂ ನಾನೇ. ನಗು ಇವರ ಸಲಹೆ, ಖಾಲಿ ಆಕಾಶ ಅವರ ಸಲಹೆ. ಕೆಳಗೆ ನಮ್ಮ ಹೆಸರೂ ಇದೆ."

"ಅಂದ್ರೆ ನಿಮಗೆಲ್ಲ ಗೊತ್ತಿತ್ತು!" ಹಿರಿಯರು ಅಧ್ಯಕ್ಷರ ಕೈ ಹಿಡಿದುಕೊಂಡರು. ಮೈಕು ಎದುರಿಗೇ ಇತ್ತು. "ಅಬ್ಬ, ನನ್ನ ಎದೆ ಮೇಲಿನ ಕಲ್ಲು ಇಳೀತಪ್ಪಾ. ಅವತ್ತು ಬರೀ ಗಸ್ತಿಗೆ ಹೋಗಿದ್ವಿ. ಶತ್ರು ಇರ್ಲಿ, ಆಕಾಶದಲ್ಲಿ ಒಂದು ಕಾಗೆನೂ ಇರ್ಲಿಲ್ಲ. ಮೀಸೆ ಕೊಂಕುತ್ತೆ ಅಂತ ಇವನು ಮಾಸ್ಕ್ ತೆಗೆದು ತೀಡ್ಕೊಳ್ತಿದ್ದ. ಎಷ್ಟು ಬೈದ್ರೂ ಕೇಳ್ತಿರ್ಲಿಲ್ಲ. ಅವತ್ತೂ ತೆಗೆದ. ಗಾಳಿ ಸಾಲ್ದೆ ಹೋದ್ರೆ ಅಮಲೇರಿದ ಹಾಗಾಗುತ್ತೆ. ಪಕ್ಕದಲ್ಲೇ ಹಾರ್ತಾ ಇದ್ದೆ, ಹಾಕ್ಕೊಳ್ಳೋ ಅಂತ ಕೈಸನ್ನೆ ಮಾಡ್ದೆ. ಇದೇ ನಗು ನಕ್ಕ, ಇದೇ ಹಲ್ಲು. ಆಮೇಲೆ ವಿಮಾನ ಮೂತಿ ಕೆಳಗೆ ಮಾಡ್ತು. ಕಾದಾಡ್ತಾ ಹೋದ ಅಂತ ನಿಮ್ಮಮ್ಮಂಗೆ ಸುಳ್ಳು ಹೇಳಿದವನು ನಾನೇ. ನೀವೇ ನಿಜ ಒಪ್ಕೊಂಡು ಬರೆಸಿದ್ದೀರಲ್ಲ, ದೊಡ್ಡ ಮನಸ್ಸು ನಿಮ್ದು!"

ಹಾಲಿನಲ್ಲಿ ಗುಸುಗುಸು ಎದ್ದಿತು. ಹಿಂದೆ ಯಾರೋ "ಮೂರು ಶತ್ರು ವಿಮಾನ?" ಎಂದರು, ಇನ್ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಕೈ ಬಿಡಿಸಿಕೊಂಡು ಬೇಗ ಕಾಫಿ ತರಲು ಹೇಳಿದರು.

ಕಾಫಿ ಕೊಡುವ ಗದ್ದಲದಲ್ಲಿ ಸಮಿತಿ ಬೋರ್ಡಪ್ಪನನ್ನು ಕಂಬದ ಹಿಂದೆ ಒತ್ತಿ ನಿಲ್ಲಿಸಿತು.

"ಮಾಸ್ಕ್ ತೆಗಿ ಅಂತ ನಿಂಗೆ ಹೇಳಿದ್ಯಾರು?" ಎಂದರು ಅಧ್ಯಕ್ಷರು.

"ನೀವೇ ಸಾರ್."

"ನಾನು ಹೇಳಿದ್ರೆ ತೆಗೆದೇಬಿಡೋದಾ? ಕಲಾವಿದ ಅಂದ್ಮೇಲೆ ಸ್ವಂತ ಬುದ್ಧಿ ಬೇಡ್ವೇನಯ್ಯಾ?"

ಕಲಾವಿದ! ಆ ಮಾತು ಅವನ ಪಾಲಿಗೆ ಬಂದದ್ದೇ ಮೊದಲ ಸಲ, ಅದೂ ಬೈಗುಳವಾಗಿ.

"ಚಿತ್ರ ಇಳಿಸಿಬಿಡೋಣ," ಎಂದರು ಡಾಕ್ಟರು.

"ಹೇಗ್ರೀ ಇಳಿಸೋದು? ಜೊತೆಗಾರರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತೀನಿ ಅಂತಿದ್ದಾರೆ ಆ ಯಜಮಾನ್ರು." ಅಧ್ಯಕ್ಷರು ಬೆವರು ಒರೆಸಿಕೊಂಡರು. "ಮೊದಲು ನಮ್ಮ ಹೆಸರು ಅಳಿಸು. ಈಗ್ಲೇ."

ಬೋರ್ಡಪ್ಪ ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದ. ಹಸಿ ಬಣ್ಣ, ಮೂರೂ ಹೆಸರು ಒಂದೇ ಸಲಕ್ಕೆ ಹೋದವು. ಜೊತೆಗೆ ನೀಲಿಯೂ ಹೋಯಿತು. ಅಡಿಯಲ್ಲಿ ಎಂದೋ ಒಣಗಿದ್ದ ಅವನ ಹೆಸರು ಹಾಗೇ ಎದ್ದುಬಂತು. ಬೋರ್ಡಪ್ಪನಿಗೆ ಹೋದ ಜೀವ ಬಂದ ಹಾಗಾಯಿತು.

"ಹೆಸರಿದೆ ಸಾರ್! ಇಷ್ಟು ಸಾಕು ಸಾರ್!"

"ಇದು ಯಾರಿಗಯ್ಯಾ ಕಾಣುತ್ತೆ? ಬಾಗಿಲಲ್ಲಿ ನಿಂತೋರಿಗೂ ಕಾಣ್ಬೇಕು. ಇದು ನಮ್ಮ ಕೆಲಸ ಅಲ್ಲ, ಇವನದು ಅಂತ ಪ್ರತಿಯೊಬ್ಬನಿಗೂ ಗೊತ್ತಾಗ್ಬೇಕು. ಈ ತುದಿಯಿಂದ ಆ ತುದಿ ತನಕ ಬರಿ. ದಪ್ಪಕ್ಷರ. ಕೆಂಪು."

ಅಕ್ಕಿಕಾಳಿನ ಹೆಸರಿನ ಮೇಲೆ ಕೆಂಪು ಏರಿತು. ಅಂಥ ಅಕ್ಷರ ಬರೆಯಲು ಬೋರ್ಡಪ್ಪನ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಅಕ್ಷರವೂ ಓರೆಯಾಗಲಿಲ್ಲ. ಮೇಲೆ ಪೈಲಟ್ ಹಲ್ಲು ಬಿಟ್ಟು ನಗುತ್ತಲೇ ಇದ್ದ.

ಷಡ್ಡಕ ಕಾಫಿ ಲೋಟ ಹಿಡಿದು ಹತ್ತಿರ ಬಂದ. ಹೆಸರನ್ನು ಗಟ್ಟಿಯಾಗಿ ಓದಿದ. ಹಿಂದೆ ಹಿಂದೆ ಹೋಗಿ, ಬಾಗಿಲ ಬಳಿ ನಿಂತು, ತಲೆ ಓರೆ ಮಾಡಿ ಮತ್ತೆ ಓದಿದ. ಹೆಂಡತಿ ಅವನ ಬಾಯನ್ನೇ ನೋಡುತ್ತ ನಿಂತಿದ್ದಳು.

"ಪರವಾಗಿಲ್ಲ ಕಣ್ರೀ, ಎಷ್ಟು ದೂರಕ್ಕೂ ಕಾಣುತ್ತೆ," ಎಂದ ಷಡ್ಡಕ, ನಾಲ್ಕು ಜನರಿಗೆ ಕೇಳುವ ಹಾಗೆ. "ಥೇಟ್ ಬೋರ್ಡೇ!"