ಸೋಮವಾರ ಇಳಿಯದ ಮುಳ್ಳು

ಸಂಶೋಧನೆಗೆ ದೊಡ್ಡ ಪ್ರಯೋಗಾಲಯ ಬೇಕೆಂದು ಯಾರು ಹೇಳಿದರು? ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯ ನನ್ನ ಬಾಡಿಗೆ ಮನೆಯ ಹಿಂದಿನ ಕೋಣೆಯೇ ಸಾಕಾಗಿತ್ತು. ಅಲ್ಲಿ ಒಂದು ಟೇಬಲ್, ಒಂದು ಮೀಟರ್, ಒಂದು ದೊಡ್ಡ ಅಯಸ್ಕಾಂತ, ಮತ್ತು ಪಿಎಚ್‌.ಡಿ. ಪಡೆದೇ ತೀರುತ್ತೇನೆಂದು ಹಟ ಹಿಡಿದ ಒಬ್ಬ ಕಾಲೇಜು ಮಾಸ್ತರ. ಅಂದರೆ ನಾನು.

ನನ್ನ ವಿಷಯ ಪೆರೊವ್‌ಸ್ಕೈಟ್ ಆಕ್ಸೈಡು. ಹೆದರಬೇಡಿ. ಲ್ಯಾಂಥನಮ್, ಸ್ಟ್ರಾಂಷಿಯಂ, ಮ್ಯಾಂಗನೀಸ್ ಪುಡಿಗಳನ್ನು ಅರೆದು, ಒತ್ತಿ, ಧಾರವಾಡದ ಕುಲುಮೆಯಲ್ಲಿ ಸುಟ್ಟರೆ ಒಂದು ಕರಿ ಬಿಲ್ಲೆ ಸಿಗುತ್ತದೆ. ಅದರ ಪಕ್ಕ ಅಯಸ್ಕಾಂತ ಇಟ್ಟರೆ, ವಿದ್ಯುತ್ತಿಗೆ ಅದು ಒಡ್ಡುವ ರೋಧ ತುಸು ಇಳಿಯುತ್ತದೆ. ಎಲ್ಲರ ಬಿಲ್ಲೆಯಲ್ಲೂ ತುಸು. ನನ್ನದರಲ್ಲಿ ಅರ್ಧಕ್ಕರ್ಧ!

ಬೆಳಿಗ್ಗೆ ಅಯಸ್ಕಾಂತವಿಲ್ಲದೆ ಅಳೆಯುತ್ತಿದ್ದೆ. ಸಂಜೆ ಕಾಲೇಜಿನಿಂದ ಬಂದು, ಗೋಡೆಯಾಚೆಯ ಎಣ್ಣೆಗಾಣದ ಕಿರುಗುಟ್ಟುವಿಕೆಯನ್ನು ಹಲ್ಲು ಕಚ್ಚಿ ಸಹಿಸಿ, ಅಯಸ್ಕಾಂತ ಇಟ್ಟು ಅಳೆಯುತ್ತಿದ್ದೆ. ಮೀಟರಿನ ಮುಳ್ಳು ದಡಕ್ಕನೆ ಕೆಳಗೆ! ಸೋಮವಾರ ಮಾತ್ರ ಅಳತೆಗೆ ರಜೆ. ಅಂದು ನನ್ನ ಹೆಂಡತಿ ಶಾಂತಾ ಇಡೀ ಮನೆ ಸಾರಿಸಿ ಪೂಜೆಗೆ ಕೂರುತ್ತಿದ್ದಳು. ವಿಜ್ಞಾನಕ್ಕೆ ಆ ಕೋಣೆಯಲ್ಲಿ ಪ್ರವೇಶವಿರಲಿಲ್ಲ.

ಸ್ಟಾಫ್‌ರೂಮಿನಲ್ಲಿ ಪೇಢೆ ಹಂಚಿದೆ. ಧಾರವಾಡದಲ್ಲಿದ್ದ ನನ್ನ ಗೈಡ್ ಸಾಹೇಬರನ್ನು ಕಣ್ಣಾರೆ ನೋಡಲು ಕರೆದೆ. ಅವರೊಮ್ಮೆ ಹೂಂ ಅಂದರೆ ಪ್ರಬಂಧ ಮುಗಿದಂತೆ.

ಅವರು ಬಂದದ್ದು ಸೋಮವಾರ ಸಂಜೆ.

ಶಾಂತಾ ಗೊಣಗುತ್ತಲೇ ಕೋಣೆ ಬಿಟ್ಟುಕೊಟ್ಟಳು. ನಾನು ಅಯಸ್ಕಾಂತವನ್ನು ವಿಧ್ಯುಕ್ತವಾಗಿ ಬಿಲ್ಲೆಯ ಬಳಿ ಸರಿಸಿದೆ. ಮುಳ್ಳು ಕದಲಲಿಲ್ಲ. ಅಯಸ್ಕಾಂತ ತಿರುಗಿಸಿದೆ. ಊಹೂಂ. ಬಿಲ್ಲೆ ಒರೆಸಿದೆ. ಮೀಟರಿಗೆ ಉಫ್ ಎಂದು ಊದಿದೆ!

“ನಮ್ಮೂರ ಕರೆಂಟ್ ಸರಿ ಇಲ್ರಿ ಸರ್,” ಎಂದೆ.

“ಮೀಟರ್ ಬ್ಯಾಟರಿ ಮ್ಯಾಲ ನಡದೈತಲ್ಲೋ ಮಾರಾಯಾ!”

ಸಿಟ್ಟಿಗೆದ್ದ ಸಾಹೇಬರು ಅಯಸ್ಕಾಂತವನ್ನು ದೂರದ ಕಿಟಕಿಯಲ್ಲಿಟ್ಟು ಟೇಬಲ್ ಗುದ್ದಿದರು. ಮುಳ್ಳು ಅರ್ಧಕ್ಕೆ ಇಳಿಯಿತು! ಮತ್ತೆ ಗುದ್ದಿದರು. ಗುದ್ದುವಷ್ಟು ಹೊತ್ತೂ ಮುಳ್ಳು ಕೆಳಗೇ.

“ನಿನ್ನ ಮೀಟರ್ ತಂತಿ ಕ್ಲಿಪ್ ಸಡಿಲ ಐತಿ. ಟೇಬಲ್ ಅಲುಗಾಡಿದಾಗಷ್ಟ ಬಿಲ್ಲಿಗೆ ಸರಿಯಾಗಿ ಕಚ್ಚತೈತಿ. ದಿನಾ ಸಂಜಿಕ ಇದನ್ನ ಅಲುಗಾಡಸವ್ರು ಯಾರು?”

ನಾನು ಬಾಯಿ ಬಿಡುವ ಮೊದಲೇ ಅಡುಗೆಮನೆಯಿಂದ ಶಾಂತಾ ಕೂಗಿದಳು: “ಗ್ವಾಡಿ ಆಚಿ ಮಲ್ಲಪ್ಪ ಕಾಕಾನ ಗಾಣ ಐತ್ರಿ ಸರ್. ಸಂಜಿಕ ಸುರು ಆತಂದ್ರ ನನ್ನ ಡಬ್ಬಿ ಸೈತ ಕುಣೀತಾವು. ಇವತ್ತ ಸೋಮಾರ, ಎತ್ತ ಹೂಡಾಂಗಿಲ್ರಿ.”

ಬಸವಣ್ಣನ ಊರು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವವರಿಲ್ಲ. ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು! ಆದರೆ ಅದು ಭೌತಶಾಸ್ತ್ರಕ್ಕೂ ಅನ್ವಯಿಸುತ್ತದೆಂದು ಯಾವ ಪಠ್ಯಪುಸ್ತಕ ಹೇಳಿತ್ತು? ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಗಾಣದ ಮನೆಗೆ ನುಗ್ಗಿದೆ.

“ಕಾಕಾ, ನಿಮ್ಮ ಎತ್ತು ನನ್ನ ಪಿಎಚ್‌.ಡಿ. ಹಾಳ ಮಾಡ್ತು!”

ಮಲ್ಲಪ್ಪ ಕಾಕಾ ಹಿಂಡಿ ಮೆಲ್ಲುತ್ತಿದ್ದ ಎತ್ತನ್ನು ನೋಡಿದರು. ನನ್ನನ್ನು ನೋಡಿದರು.

“ಮುಂಜಾನಿಂದ ಕುಂತಲ್ಲೇ ಕುಂತೈತ್ರಿ ಮಾಸ್ತರ. ಏನೂ ಮಾಡಿಲ್ರಿ.”

“ಏನೂ ಮಾಡಲಿಲ್ಲಂತನ ಹಾಳಾಗಿದ್ದು!”

ಸಾಹೇಬರು ಹೋಗುವಾಗ ಹೇಳಿದ್ದು ಇಷ್ಟೇ: “ತಂತಿ ಬೆಸುಗಿ ಹಾಕು. ಮೊದಲಿಂದ ಅಳತಿ ಮಾಡು.” ಬೆಸುಗೆ ಹಾಕಿ ಅಳೆದೆ. ನನ್ನ ಬಿಲ್ಲೆಯಲ್ಲೂ ತುಸುವೇ ಇಳಿಯಿತು. ಅದೂ ಉಳಿದವರ ತುಸುವಿಗಿಂತ ಕಡಿಮೆ.

ಮಂಗಳವಾರದಿಂದ ಗೋಡೆಯ ಆಚೆ ಎತ್ತು, ಈಚೆ ನಾನು, ಇಬ್ಬರೂ ಮತ್ತೆ ಸುತ್ತಲು ಶುರು ಮಾಡಿದೆವು. ಅದು ಸುತ್ತಿದ್ದಕ್ಕೆ ಕುಸುಬಿ ಎಣ್ಣೆಯಾದರೂ ಬರುತ್ತಿತ್ತು!