ಗಾಡಿಯ ಮೇಲೆ ಏನೂ ಇಲ್ಲ ಎಂಬ ಹೇಳಿಕೆಯ ಕುರಿತು

ಕಚೇರಿ ಸುತ್ತೋಲೆ
ಸಂಖ್ಯೆ: ಆಡಳಿತ/ಹಳೇ ಗಾಡಿ/ಮೇಲೆ-ಕೆಳಗೆ/17
ದಿನ: ಗುರುವಾರ

ವಿಷಯ: ಸಿಬ್ಬಂದಿಯು ಹಳೆಯ ವಾಹನ ಕೊಳ್ಳುವ ಮುನ್ನ ಅದರ ಮೇಲೆ ಸಾಲ ಬಾಕಿ ಇದೆಯೇ ಎಂದು ಪರಿಶೀಲಿಸುವ ಬಗ್ಗೆ.

ಉಲ್ಲೇಖ: 1. ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸೈಕಲ್ ಶೆಡ್ಡಿನಲ್ಲಿ ನಡೆದ ಘಟನೆ.
2. ಬೆರಳಚ್ಚುಗಾರ್ತಿಯವರ ಮೌಖಿಕ ದೂರು (ಮೂರು ಕೋಣೆಗಳಾಚೆಗೂ ಸ್ಪಷ್ಟವಾಗಿ ಕೇಳಿಸಿರುತ್ತದೆ).

ಪ್ರಸ್ತಾವನೆ: ಈ ಕಚೇರಿಯ ಬೆರಳಚ್ಚುಗಾರ್ತಿಯವರು, ಮಂಡಿ ಶಸ್ತ್ರಚಿಕಿತ್ಸೆಯಾಗಿರುವ ತಮ್ಮ ತಾಯಿಯವರನ್ನು ವಾರಕ್ಕೆ ಮೂರು ದಿನ ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯುವ ಸಲುವಾಗಿ, ಇದೇ ಕಚೇರಿಯ ಗೌರವಾನ್ವಿತ ಹಿರಿಯರೊಬ್ಬರಿಂದ ಬೂದು ಬಣ್ಣದ ಸ್ಕೂಟರೊಂದನ್ನು ಪೂರ್ತಿ ಹಣ ಕೊಟ್ಟು ಖರೀದಿಸಿರುತ್ತಾರೆ. ಉಲ್ಲೇಖ (1)ರ ದಿನ ಸಾಲ ಕೊಟ್ಟ ಕಂಪನಿಯ ಇಬ್ಬರು ಬಂದು, ಕಂತು ಬಾಕಿ ಇದೆಯೆಂದು ತಿಳಿಸಿ, ಸದರಿ ಸ್ಕೂಟರನ್ನು ಊಟದ ಡಬ್ಬಿ ಸಮೇತ ಒಯ್ದಿರುತ್ತಾರೆ.

ವಿಚಾರಣೆ ವೇಳೆ ತಿಳಿದುಬಂದಂತೆ, ಖರೀದಿಯ ದಿನ ಬೆರಳಚ್ಚುಗಾರ್ತಿಯವರು "ಸಾರ್, ಗಾಡಿ ಮೇಲೆ ಏನಾದ್ರೂ ಇದೆಯಾ?" ಎಂದು ಕೇಳಿದ್ದು, ಮಾರಾಟಗಾರರು "ಮೇಲೆ ಏನೂ ಇಲ್ಲಮ್ಮ, ನೀವೇ ನೋಡ್ಕೊಳ್ಳಿ" ಎಂದಿರುತ್ತಾರೆ. ನೋಡಲಾಗಿ, ಮೇಲೆ ಸೀಟ್ ಕವರ್ ಹೊರತು ಬೇರೇನೂ ಇರಲಿಲ್ಲ. ಇಂತಹ ಘಟನೆಗಳು ಮರುಕಳಿಸದಂತೆ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ವಾಹನದ ವಿಚಾರದಲ್ಲಿ "ಮೇಲೆ" ಎಂಬ ಪದವನ್ನು ಒಂಟಿಯಾಗಿ ಬಳಸತಕ್ಕದ್ದಲ್ಲ. ಸೀಟಿನ ಮೇಲೆ ಎಂಬ ಅರ್ಥದಲ್ಲಿ ಕೇಳುವವರು ಸೀಟಿನ ಕಡೆಗೂ, ಸಾಲದ ಅರ್ಥದಲ್ಲಿ ಕೇಳುವವರು ಮಾರಾಟಗಾರರ ಜೇಬಿನ ಕಡೆಗೂ ಬೆರಳು ತೋರಿಸಿ ಕೇಳತಕ್ಕದ್ದು. ಬೆರಳು ತೋರಿಸುವುದು ಅಗೌರವವೆನಿಸಿದಲ್ಲಿ ಗದ್ದದಿಂದ ತೋರಿಸಬಹುದು.

2. ಸಾಲವು ಕಣ್ಣಿಗೆ ಕಾಣುವ ವಸ್ತುವಲ್ಲ. ಆದ್ದರಿಂದ ಚಕ್ರಕ್ಕೆ ಒದೆಯುವುದು, ಹಾರ್ನ್ ಮಾಡಿ ನೋಡುವುದು, ಸೀಟೆತ್ತಿ ಬಗ್ಗಿ ನೋಡುವುದು ಇವ್ಯಾವುವೂ ಸಾಲದ ಪರಿಶೀಲನೆಯಾಗುವುದಿಲ್ಲ. ಸದರಿ ಸ್ಕೂಟರಿನ ಪೆಟ್ರೋಲ್ ಟ್ಯಾಂಕಿಗೆ ಬೆರಳಿನಿಂದ ಕುಟ್ಟಿ "ಸದ್ದು ಚೆನ್ನಾಗಿದೆ, ಸಾಲಗೀಲ ಇರೋ ಹಾಗಿಲ್ಲ" ಎಂದು ಉಗ್ರಾಣದವರು ನೀಡಿದ ಅಭಿಪ್ರಾಯವನ್ನು ಹಿಂಪಡೆಯಲಾಗಿದೆ.

3. ನೋಂದಣಿ ಪತ್ರದ ಅಸಲು ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ಸಾಲ ಕೊಟ್ಟವರ ಹೆಸರಿದೆಯೇ ಎಂದು ನೋಡತಕ್ಕದ್ದು. ಹೆಸರಿದ್ದಲ್ಲಿ, ಸಾಲ ಪೂರ್ತಿ ತೀರಿದೆಯೆಂಬ ಪತ್ರವನ್ನು ಸಾಲ ಕೊಟ್ಟವರಿಂದಲೇ ಪಡೆಯತಕ್ಕದ್ದು. ಮಾರಾಟಗಾರರ ಷಡ್ಡಕರಿಂದ ಪಡೆದ ಪತ್ರ ನಡೆಯುವುದಿಲ್ಲ. ಅಸಲು ಪ್ರತಿ "ಮನೇಲಿದೆ" ಎಂದು ಮಾರಾಟಗಾರರು ಮೂರು ಸಲ ಹೇಳಿದಲ್ಲಿ, ಅದು ಮನೆಯಲ್ಲಿಲ್ಲವೆಂದು ಭಾವಿಸತಕ್ಕದ್ದು.

4. ಮಾರಾಟಗಾರರು ಚಹಾ ಕೊಟ್ಟಲ್ಲಿ ಕೊಳ್ಳುವವರಿಗೆ ದಾಕ್ಷಿಣ್ಯ ಉಂಟಾಗುವುದು ಗಮನಕ್ಕೆ ಬಂದಿದೆ. ಒಂದು ಲೋಟಕ್ಕೆ ನಲವತ್ತು ನಿಮಿಷದ ದಾಕ್ಷಿಣ್ಯವೆಂದು ಲೆಕ್ಕ ಹಿಡಿದು, ಅಷ್ಟು ಹೊತ್ತು ಯಾವುದಕ್ಕೂ ತಲೆಯಾಡಿಸತಕ್ಕದ್ದಲ್ಲ. ಬಿಸ್ಕತ್ತೂ ಕೊಟ್ಟಲ್ಲಿ ಮರುದಿನ ಬರತಕ್ಕದ್ದು.

5. "ನಾವು ನಾವೇ ಅಲ್ವಾ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕುಳಿತು, ಒಂದು ಲೋಟ ನೀರು ಕುಡಿದು, ಕಂಡಿಕೆ 3ನ್ನು ಮೊದಲಿನಿಂದ ಎರಡು ಬಾರಿ ಪಾಲಿಸತಕ್ಕದ್ದು.

6. ಪ್ರಸ್ತುತ ಪ್ರಕರಣದಲ್ಲಿ ಕೊಂಡವರ ಅಜಾಗರೂಕತೆಯೇ ಎದ್ದು ಕಾಣುತ್ತದೆ. ಮಾರಾಟಗಾರರ ತಪ್ಪೇನೂ ಕಂಡುಬಂದಿರುವುದಿಲ್ಲ. ಇದನ್ನು ಮಾರಾಟಗಾರರೇ ಖುದ್ದಾಗಿ ವಿಚಾರಣೆ ನಡೆಸಿ ಖಚಿತಪಡಿಸಿಕೊಂಡಿರುತ್ತಾರೆ. ಪ್ರಕರಣ ಮುಕ್ತಾಯಗೊಳಿಸಲಾಗಿದೆ.

(ದಯವಿಟ್ಟು ಪುಟ ತಿರುಗಿಸಿ)

ಪುಟ 2

7. ಅಧೀಕ್ಷಕರು ಹೇಳಿ ಬರೆಸಿದ್ದು ಕಂಡಿಕೆ 6ಕ್ಕೆ ಮುಗಿದಿರುತ್ತದೆ. ಈ ಪುಟವು ಬೆರಳಚ್ಚುಗಾರ್ತಿಯ ಸ್ವಂತ ಜವಾಬ್ದಾರಿಯಲ್ಲಿ ಸೇರಿರುತ್ತದೆ. ಅಧೀಕ್ಷಕರು ವಿಷಯದ ಸಾಲನ್ನು ಓದಿ, ನೇರವಾಗಿ ಕೊನೆಯ ಪುಟಕ್ಕೆ ಹೋಗಿ, "ಎಲ್ಲಿ ಮಾಡ್ಬೇಕಮ್ಮ?" ಎಂದು ಕೇಳಿ, ಪೆನ್ಸಿಲ್ ಗುರುತಿದ್ದಲ್ಲಿ ಸಹಿ ಮಾಡುವುದನ್ನು ಹನ್ನೊಂದು ವರ್ಷಗಳಿಂದ ಗಮನಿಸಲಾಗಿದೆ. ಗುರುತು ಹಾಕಲಾಗಿದೆ.

8. ಕಂಡಿಕೆ 6ರ ಮಾರಾಟಗಾರರು, ವಿಚಾರಣಾಧಿಕಾರಿಗಳು ಹಾಗೂ ಕೆಳಗೆ ಸಹಿ ಮಾಡಿದವರು ಒಬ್ಬರೇ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಬಾಕಿ ಇರುವುದು ನಾಲ್ಕು ಕಂತು. ಬೆರಳಚ್ಚುಗಾರ್ತಿಗೆ ಕೋಪಕ್ಕಿಂತ ಬೇಜಾರೇ ಹೆಚ್ಚಾಗಿರುತ್ತದೆ. ಮಾರಿದವರು ಹೊರಗಿನವರಾಗಿದ್ದರೆ ಆಕೆ ಹತ್ತು ಪ್ರಶ್ನೆ ಕೇಳುತ್ತಿದ್ದರು, ಸಾಹೇಬರೆಂದು ಒಂದೇ ಕೇಳಿದರು. ಸೋಮವಾರ ಮತ್ತು ಬುಧವಾರದ ಚಿಕಿತ್ಸೆ ತಪ್ಪಿರುತ್ತದೆ. "ಬಿಡು ಮಗಳೇ, ಕಾಲು ತಾನೇ, ಎಲ್ಲಿಗೆ ಹೋಗತ್ತೆ" ಎಂದು ತಾಯಿಯವರು ಸಮಾಧಾನ ಹೇಳಿರುತ್ತಾರೆ. ಸದರಿ ಕಾಲು ಎಲ್ಲಿಗೂ ಹೋಗದಿರುವುದೇ ಸಮಸ್ಯೆಯಾಗಿರುತ್ತದೆ.

9. ಆದ್ದರಿಂದ ಕೆಳಗೆ ಸಹಿ ಮಾಡಿದವರು ನಾಲ್ಕೂ ಕಂತುಗಳನ್ನು ಬರುವ ಸೋಮವಾರದೊಳಗೆ ಸ್ವಂತ ಹಣದಿಂದ ಕಟ್ಟಿ, ಸಾಲ ತೀರಿದ ಪತ್ರವನ್ನು ತಂದು, ಸ್ಕೂಟರನ್ನು ಇದ್ದ ಜಾಗದಲ್ಲೇ ತಂದು ನಿಲ್ಲಿಸಲು ಸಂತೋಷದಿಂದ ಒಪ್ಪಿರುತ್ತಾರೆ. ಅಲ್ಲಿಯವರೆಗೆ ತಾಯಿಯವರನ್ನು ತಮ್ಮ ಹೊಸ ಕಾರಿನ ಮುಂದಿನ ಸೀಟಿನಲ್ಲಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಚಿಕಿತ್ಸೆಗೆ ಕರೆದೊಯ್ಯಲೂ ಒಪ್ಪಿರುತ್ತಾರೆ. ಹೊಸ ಕಾರಿನ ಮೇಲೆ (ಸಾಲದ ಅರ್ಥದಲ್ಲಿ) ಏನಿದೆ ಎಂದು ಬೆರಳಚ್ಚುಗಾರ್ತಿಯವರು ಕೇಳುವುದಿಲ್ಲ.

10. ಯಾವುದೇ ಕಾಗದವನ್ನು ಪೂರ್ತಿ ಓದದೆ ಸಹಿ ಮಾಡತಕ್ಕದ್ದಲ್ಲ. ಈ ಕಂಡಿಕೆಯು ನಾಳೆಯಿಂದ ಜಾರಿಗೆ ಬರುತ್ತದೆ.

ಸಹಿ/-
(ಪೆನ್ಸಿಲ್ ಗುರುತಿನ ಮೇಲೆ)
ಅಧೀಕ್ಷಕರು

ಪ್ರತಿಗಳು:
1. ಸಾಲ ಕೊಟ್ಟ ಕಂಪನಿಯ ವ್ಯವಸ್ಥಾಪಕರಿಗೆ, ಮಾಹಿತಿಗಾಗಿ. ಊಟದ ಡಬ್ಬಿಯನ್ನು ತೊಳೆದು ಹಿಂದಿರುಗಿಸಲು ಕೋರಿದೆ. ಮುಚ್ಚಳ ಎಡಕ್ಕೆ ತಿರುಗುತ್ತದೆ.
2. ಉಗ್ರಾಣದವರಿಗೆ. ಇನ್ನು ಮುಂದೆ ಏನನ್ನೂ ಕುಟ್ಟಿ ನೋಡಬಾರದು.
3. ಸೂಚನಾ ಫಲಕಕ್ಕೆ, ನಾಲ್ಕೂ ಮೂಲೆಗೆ ಗೋಂದು ಹಚ್ಚಿ.
4. ಅಧೀಕ್ಷಕರ ಪತ್ನಿಯವರಿಗೆ. ಇವರು ಕಾಗದಗಳನ್ನು ಪೂರ್ತಿ ಓದುವರೆಂದು ತಿಳಿದುಬಂದಿದೆ.
5. ಬೆರಳಚ್ಚುಗಾರ್ತಿಯ ತಾಯಿಯವರಿಗೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕಾರು ಬಾಗಿಲಿಗೆ ಬರುತ್ತದೆ, ಊರುಗೋಲು ಮರೆಯದಿರಲು ಕೋರಿದೆ.
6. ಅಧೀಕ್ಷಕರಿಗೆ, ಓದಲು.